ಎಡಗಡೆಯ ಚಕ್ರ

8 ಏಪ್ರಿಲ್ 1996

ಮಾನ್ಯರೇ,

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ಹಳೆಯ ರೇಸ್ ಕಾರುಗಳ ಪುಟ್ಟ ಮಾದರಿಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಕಾರ್ಖಾನೆ ದೊಡ್ಡದೇನಲ್ಲ. ನಾಲ್ಕು ಕೋಣೆ, ಹನ್ನೊಂದು ಜನ. ನಮ್ಮ ಕಾರುಗಳು ಅಸಲಿಗಿಂತ ನಲವತ್ತಮೂರು ಪಟ್ಟು ಚಿಕ್ಕವು, ಅಂಗೈಯಲ್ಲಿ ಹಿಡಿಸುತ್ತವೆ. ಆದರೆ ಮಕ್ಕಳ ಆಟಿಕೆಗಳಲ್ಲ. ಕೊಳ್ಳುವವರು ಗಾಜಿನ ಬೀರುವಿನಲ್ಲಿಟ್ಟು ಭೂತಗನ್ನಡಿ ಹಿಡಿದು ನೋಡುವ ದೊಡ್ಡವರು. ಹೋದ ವರ್ಷ ಒಂದು ಕಾರಿನ ಬಾನೆಟ್ ಮೇಲೆ ಹದಿನಾಲ್ಕು ಮೊಳೆ ಇರಬೇಕಾದಲ್ಲಿ ಹದಿಮೂರು ಹಾಕಿದ್ದೆವು. ಒಂಬತ್ತು ಜನ ಪತ್ರ ಬರೆದು ಬೈದರು. ಅಂಥ ಬೈಗುಳ ಬಾರದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹಳೆಯ ಫೋಟೋ, ಪತ್ರಿಕೆ, ದಾಖಲೆಗಳನ್ನು ತಾಳೆ ನೋಡಿ ಸರಿಯಿಲ್ಲದ್ದಕ್ಕೆ ತಕರಾರು ತೆಗೆಯುತ್ತೇನೆ. ಇಲ್ಲಿ ಎಲ್ಲರೂ ನನ್ನನ್ನು ತಕರಾರಮ್ಮ ಎಂದೇ ಕರೆಯುವುದು.

ಈಗ 1957ರ ಆರು ಗಂಟೆಗಳ ಓಟದ ಎಂಟನೇ ನಂಬರಿನ ಕಾರನ್ನು ಮಾಡುತ್ತಿದ್ದೇವೆ. ಅದನ್ನು ಓಡಿಸಿದವರು ನಿಮ್ಮ ಅಣ್ಣ, ಆ ಓಟದಲ್ಲೇ ತೀರಿಕೊಂಡರು ಎಂದು ಓದಿದ್ದೇನೆ. ನೋವು ಕೆದಕುತ್ತಿದ್ದರೆ ಕ್ಷಮಿಸಿ. ಆ ಕಾರನ್ನು ಕೈಯಾರೆ ಮುಟ್ಟಿದವರಲ್ಲಿ ಈಗ ಉಳಿದಿರುವವರು ನೀವೊಬ್ಬರೇ ಎಂದು ತಿಳಿದು ಬರೆಯುತ್ತಿದ್ದೇನೆ. ಮೂರು ಪ್ರಶ್ನೆಗಳಿವೆ. ಕಾರಿನ ಬಣ್ಣ ನಿಖರವಾಗಿ ಯಾವುದು? ಸೀಟಿನ ಚರ್ಮ ಕಂದೋ ಕಪ್ಪೋ? ಹೊಗೆ ಪೈಪು ಯಾವ ಕಡೆಗಿತ್ತು?

ವಿಶ್ವಾಸದಿಂದ,
ದಾಖಲೆ ವಿಭಾಗ
(ವಿಭಾಗದಲ್ಲಿ ನಾನೊಬ್ಬಳೇ)


19 ಏಪ್ರಿಲ್ 1996

ತಕರಾರಮ್ಮನವರಿಗೆ ಮೇಸ್ತ್ರಿಯ ನಮಸ್ಕಾರ.

ನನಗೂ ಹೆಸರು ಹಿಡಿದು ಕರೆಯೋರು ಯಾರೂ ಉಳಿದಿಲ್ಲ. ಗ್ಯಾರೇಜು ಮುಚ್ಚಿ ಆರು ವರ್ಷವಾದರೂ ಬೀದಿಗೆಲ್ಲ ನಾನು ಮೇಸ್ತ್ರಿಯೇ. ಹಾಗೇ ಬರೆಯಿರಿ.

ಬಣ್ಣ ನೀಲಿ. ಆಕಾಶದ ನೀಲಿ ಅಲ್ಲ, ಶಾಯಿಯ ನೀಲಿಯೂ ಅಲ್ಲ. ಒದ್ದೆ ಸ್ಲೇಟಿನ ಮೇಲೆ ಶಾಯಿ ಚೆಲ್ಲಿದರೆ ಹೇಗಿರುತ್ತೋ ಹಾಗೆ. ಬಣ್ಣ ಅಣ್ಣನೇ ಕಲಸಿದ್ದು. ಉಳಿದ ಡಬ್ಬಿಯಲ್ಲಿ ನಮ್ಮಮ್ಮ ಕಿಟಕಿಗೂ ಹಚ್ಚಿಸಿದಳು. ಸೀಟು ಕಂದು. ಹಳೇ ಸೋಫಾದಿಂದ ಕಿತ್ತ ಚರ್ಮ, ಎಡ ಅಂಚಿನಲ್ಲಿ ಸೋಫಾದ ಗುಂಡಿಯ ತೂತು ಕಾಣುತ್ತಿತ್ತು. ನಿಮ್ಮ ಒಂಬತ್ತು ಜನಕ್ಕೆ ಇದು ಗೊತ್ತಿರಲಾರದು, ಹಾಕಿ ನೋಡಿ.

ಹೊಗೆ ಪೈಪು ಬಲಗಡೆ. ಇದರಲ್ಲಿ ಎರಡು ಮಾತಿಲ್ಲ. ಆ ಎಂಜಿನ್ನು ಬಿಚ್ಚಿ ಕಟ್ಟಿದವನು ನಾನು. ಪಿಟ್ಟಿಗೆ, ಅಂದರೆ ಓಟದ ನಡುವೆ ಚಕ್ರ ಬದಲಿಸುವ ಜಾಗಕ್ಕೆ, ಗಾಡಿ ಬಂದಾಗ ಮುಂದಿನ ಬಲ ಚಕ್ರ ನನ್ನದು, ಮುಂದಿನ ಎಡ ಚಕ್ರ ನನ್ನ ಭಾವನದು, ಅಂದರೆ ಅಕ್ಕನ ಗಂಡನದು. ಪೈಪಿನ ಬಿಸಿ ನನ್ನ ಪಾಲು. ‘ಬಿಸಿ ಕಡೆ ನೀನಿರು, ಮದುವೆಯಾದವನಿಗೆ ಮನೆಯಲ್ಲೇ ಸಾಕಷ್ಟು ಬಿಸಿಯಿದೆ’ ಅಂತಿದ್ದ ಭಾವ. ಎಡಗಡೆಯ ಚಕ್ರವೇ ಆಮೇಲೆ ಕಳಚಿದ್ದು. ಅದು ನಿಮ್ಮ ಪ್ರಶ್ನೆಯಲ್ಲಿರಲಿಲ್ಲ, ಬಿಡಿ.

ಮೇಸ್ತ್ರಿ


29 ಏಪ್ರಿಲ್ 1996

ಮೇಸ್ತ್ರಿಯವರೇ,

ನಿಮ್ಮ ಪತ್ರವನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಬಣ್ಣದ ಕೆಲಸದಾಕೆ ಒದ್ದೆ ಸ್ಲೇಟನ್ನೇ ತರಿಸಿ ಶಾಯಿ ಚೆಲ್ಲಿ ನೋಡಿದರು. ಐದನೇ ಸಲಕ್ಕೆ ಬಣ್ಣ ಕೂಡಿತು. ಗುಂಡಿಯ ತೂತನ್ನೂ ಹಾಕುತ್ತಿದ್ದೇವೆ.

ಪೈಪಿನ ವಿಷಯಕ್ಕೆ ಮಾತ್ರ ನಾನು ತಕರಾರಮ್ಮ ಆಗಲೇಬೇಕಾಗಿದೆ. ಜೊತೆಗಿಟ್ಟಿರುವ ಫೋಟೋ ನೋಡಿ. ಆ ಓಟದ್ದೇ, ಪಿಟ್‌ನಲ್ಲಿ ತೆಗೆದದ್ದು. ಮುಂದಿನ ಚಕ್ರದ ಬಳಿ ಮಂಡಿಯೂರಿ ಎರಡೂ ಕೈಯಲ್ಲಿ ಸುತ್ತಿಗೆ ಹಿಡಿದಿರುವವರು ನೀವೇ ಎಂದು ಪತ್ರಿಕೆಯಲ್ಲಿ ಹೆಸರು ಕೊಟ್ಟಿದ್ದರು. ಕಾರಿನ ಎಡಭಾಗ ಕಾಣುತ್ತಿದೆ, ಪೈಪು ಎಡಗಡೆಗೇ ಇದೆ. ಸಂಗ್ರಹಾಲಯದಲ್ಲಿರುವ ಆ ಕಾರಿನ ತದ್ರೂಪಿನಲ್ಲೂ ಪೈಪು ಎಡಕ್ಕೆ. ಇಂಥ ಕಾರುಗಳ ಮೇಲೆ ಬಂದಿರುವ ದಪ್ಪ ಪುಸ್ತಕವೂ ಎಡಕ್ಕೆ ಎನ್ನುತ್ತದೆ. ಮೂರು ಸಾಕ್ಷಿಗಳು ಒಂದೇ ಮಾತು ಹೇಳುತ್ತಿವೆ. ಮೂವತ್ತೊಂಬತ್ತು ವರ್ಷದಲ್ಲಿ ಎಡ ಬಲ ಅದಲುಬದಲಾಗುವುದು ಯಾರಿಗೂ ಸಹಜ. ನನಗೆ ನಾನು ಓದಿದ ಶಾಲೆಯ ಗೇಟು ಯಾವ ಕಡೆಗಿತ್ತೆಂದೇ ಈಗ ಖಾತ್ರಿಯಿಲ್ಲ.

ಕಾರಿನ ಜೊತೆ ಪಿಟ್‌ನ ಈ ದೃಶ್ಯವನ್ನೂ ಮಾಡುತ್ತಿದ್ದೇವೆ. ಎಡ ಚಕ್ರದ ಬಳಿ ನೀವು, ಹಿಂದೆ ಕೋಟು ತೊಟ್ಟ ಅಧಿಕಾರಿ. ನಿಮ್ಮ ಯೌವನದ ಫೋಟೋ ನಿಮಗೆ ಸಂತೋಷ ಕೊಡುತ್ತದೆ ಎಂದುಕೊಂಡಿದ್ದೇನೆ.

ತಕರಾರಮ್ಮ


27 ಮೇ 1996

ಮೇಡಂ ಅವರಿಗೆ,

ಫೋಟೋ ತಲುಪಿತು. ಕಣ್ಣಿಗೆ ಪೊರೆ ಬಂದಿದೆ, ಕಿಟಕಿಯ ಹತ್ತಿರ ಕೂತು ಗಾಜು ಹಿಡಿದು ನೋಡಿದೆ. ನಾನೇ. ಆ ಅಂಗಿ ನನ್ನದೇ. ಸುತ್ತಿಗೆಯೂ ನನ್ನದೇ, ಹಿಡಿಗೆ ಸುತ್ತಿದ ಬಟ್ಟೆ ಕಾಣುತ್ತದೆ.

ಎಂಜಿನ್ನು ನನ್ನ ಕೈಗೆ ನೆನಪಿದೆ ಅಂದುಕೊಂಡಿದ್ದೆ. ಇತ್ತೀಚೆಗೆ ನಲ್ಲಿ ತಿರುಗಿಸಿ ಮರೆಯುತ್ತೇನೆ. ಹೋದ ವಾರ ಮನೆಗೆ ಬೀಗ ಹಾಕಿ ಕೀಲಿಯನ್ನು ಬೀಗದಲ್ಲೇ ಬಿಟ್ಟು ಹೋಗಿದ್ದೆ. ಪಕ್ಕದ ಮನೆ ದರ್ಜಿ ‘ಮೇಸ್ತ್ರಿ, ಕಳ್ಳರಿಗೆ ಇಷ್ಟೊಂದು ಉಪಚಾರ ಯಾಕೆ?’ ಅಂದ.

ಒಂದೇ ಮಾತು ಕೇಳಬೇಕು. ಅದು ಎಡ ಚಕ್ರವೇ ಅಂತ ನಿಮಗೆ ಖಾತ್ರಿ ತಾನೆ? ಅನುಮಾನವಿದ್ದರೆ ಅನುಮಾನವಿದೆ ಅಂತಲೇ ಬರೆಯಿರಿ.

ಮೇಸ್ತ್ರಿ


5 ಜೂನ್ 1996

ಮೇಸ್ತ್ರಿಯವರೇ,

ನಿಮ್ಮ ಪತ್ರ ಓದಿ ಸಮಾಧಾನವಾಯಿತು. ನೀವು ಬೇಸರಪಟ್ಟುಕೊಂಡಿರಬಹುದೆಂದು ಹೆದರಿದ್ದೆ. ಎಷ್ಟೋ ಹಿರಿಯರು ತಮ್ಮ ನೆನಪನ್ನು ಪ್ರಶ್ನಿಸಿದರೆ ಪತ್ರ ಬರೆಯುವುದನ್ನೇ ನಿಲ್ಲಿಸುತ್ತಾರೆ. ನೀವು ಮಾತ್ರ ನಿಮ್ಮ ಕೆಲಸದ ಮೇಲಿನ ಶ್ರದ್ಧೆಯಿಂದ ಮತ್ತೊಮ್ಮೆ ಕೇಳಿದ್ದೀರಿ.

ಹೌದು, ಖಾತ್ರಿ. ನೂರಕ್ಕೆ ನೂರು. ಎಡ ಚಕ್ರವೇ. ನೀವು ನಿಶ್ಚಿಂತೆಯಿಂದಿರಿ.

ಅಚ್ಚು ಹೊಯ್ಯುವವರಿಗೆ ನಿನ್ನೆ ನಕ್ಷೆ ಕೊಟ್ಟಾಯಿತು. ನಿಮ್ಮ ಅಂಗಿಯ ಬಣ್ಣ ಯಾವುದೆಂದು ತಿಳಿಸುತ್ತೀರಾ?

ತಕರಾರಮ್ಮ


2 ಆಗಸ್ಟ್ 1996

ಮೇಸ್ತ್ರಿಯವರೇ,

ಎರಡು ತಿಂಗಳಾಯಿತು, ನಿಮ್ಮಿಂದ ಸುದ್ದಿಯಿಲ್ಲ. ಅಂಗಿಯ ಬಣ್ಣ ತಿಳಿಯದಿದ್ದರೂ ಅಡ್ಡಿಯಿಲ್ಲ, ಬೂದಿ ಬಣ್ಣ ಹಚ್ಚುತ್ತೇವೆ. ಕಣ್ಣಿನ ತೊಂದರೆಯೇ? ಅಥವಾ ನಾನೇನಾದರೂ ತಪ್ಪಿ ಬರೆದೆನೇ? ನನ್ನ ಪತ್ರಗಳ ನಕಲನ್ನು ತೆಗೆದು ಮತ್ತೆ ಓದಿದೆ. ಮರ್ಯಾದೆ ತಪ್ಪಿದ ಮಾತು ಯಾವುದೂ ಕಾಣಲಿಲ್ಲ. ಆದರೆ ಒಂದು ಕಡೆ ನಾನು ಪೂರ್ತಿ ಹೇಳಿರಲಿಲ್ಲ. ಸಂಗ್ರಹಾಲಯದ ಕಾರನ್ನು ನಾನೇ ಹೋಗಿ ನೋಡಿಲ್ಲ, ಅಲ್ಲಿನವರನ್ನು ಫೋನಿನಲ್ಲಿ ಕೇಳಿದ್ದು. ಅವರು ಹೇಳಿದ್ದರಲ್ಲಿ ತಪ್ಪಿರಲಾರದು. ಆದರೂ ನೋಡಿದಂತೆ ಬರೆದದ್ದು ಸರಿಯಲ್ಲ ಎಂದು ಈಗ ಅನ್ನಿಸುತ್ತಿದೆ.

ತಕರಾರಮ್ಮ


24 ಆಗಸ್ಟ್ 1996

ತಕರಾರಮ್ಮನವರೇ,

ನೀವು ತಪ್ಪಿ ಏನೂ ಬರೆದಿಲ್ಲ. ನಿಮ್ಮಿಂದ ಉಪಕಾರವೇ ಆಗಿದೆ. ಏನು ಅಂತ ಇವತ್ತು ಬರೆಯುತ್ತೇನೆ. ಅಕ್ಷರ ದೊಡ್ಡದಾಗಿ ಸೊಟ್ಟ ಬಂದರೆ ಸಹಿಸಿಕೊಳ್ಳಿ.

ಅಣ್ಣ ಸತ್ತ ಮೇಲೆ ವಿಚಾರಣೆ ನಡೆಯಿತು. ಎಡ ಚಕ್ರದ ನಟ್ಟು ಸಡಿಲವಿತ್ತು ಅಂತ ಗೊತ್ತಾಯಿತು. ಅದು ಎರಡು ರೆಕ್ಕೆಯ ದೊಡ್ಡ ನಟ್ಟು, ಸುತ್ತಿಗೆಯಲ್ಲಿ ಹೊಡೆದು ಬಿಗಿಯಬೇಕು. ‘ಎಡ ಚಕ್ರ ಬಿಗಿದವರು ಯಾರು?’ ಅಂತ ನನ್ನನ್ನು ಕೇಳಿದರು. ‘ಭಾವ’ ಅಂದೆ. ಭಾವನನ್ನು ಕೇಳಿದರು. ಅವನು ‘ಅವಸರದಲ್ಲಿ ಯಾವ ಕಡೆ ಓಡಿದೆನೋ ಗೊತ್ತಾಗ್ತಿಲ್ಲ. ಆದರೆ ಇವನು ಹೇಳ್ತಾನೆ ಅಂದ್ರೆ ಹಾಗೇ ಇರಬೇಕು’ ಅಂದ. ಅಷ್ಟೇ. ನಾನು ಹೇಳಿದ್ದನ್ನು ನಂಬಿ ತಪ್ಪು ಒಪ್ಪಿಕೊಂಡ ಮನುಷ್ಯ ಅವನು. ಆಮೇಲೆ ಸುತ್ತಿಗೆ ಹಿಡಿಯಲಿಲ್ಲ. ಒಂದು ಗೋದಾಮಿನಲ್ಲಿ ಕಾವಲಿಗೆ ಸೇರಿದ. ಅಕ್ಕ ನನ್ನ ಹತ್ತಿರ ಮಾತು ಬಿಟ್ಟಳು. ಹನ್ನೊಂದು ವರ್ಷದ ಹಿಂದೆ ಭಾವ ಹೋದಾಗ ಹೋಗಿದ್ದೆ. ಗೇಟಿನ ಹೊರಗೆ ನಿಂತಿದ್ದು ವಾಪಸ್ಸು ಬಂದೆ.

ಈಗ ನಿಮ್ಮ ಫೋಟೋ ಬಂತು. ಎಡ ಚಕ್ರದ ಹತ್ತಿರ ಇದ್ದದ್ದು ನಾನು. ಭಾವ ಅಲ್ಲ. ಸುಳ್ಳು ಹೇಳಿದೆ ಅಂತ ಈಗಲೂ ಅನ್ನಿಸುತ್ತಿಲ್ಲ. ಬಲಗಡೆ ಇದ್ದದ್ದೇ ಕಣ್ಣಿಗೆ ಕಟ್ಟುತ್ತೆ. ಆದರೆ ತನ್ನ ತಲೆ ಉಳಿಸಿಕೊಳ್ಳೋಕೆ ನೆನಪು ಏನನ್ನಾದರೂ ಹೆಣೆಯುತ್ತೆ ಅಂತ ಈಗ ಗೊತ್ತಾಯಿತು. ನಿಮಗೆ ಮತ್ತೊಮ್ಮೆ ಬರೆದು ಕೇಳಿದ್ದು ಅದಕ್ಕೇ. ನೀವು ನೂರಕ್ಕೆ ನೂರು ಅಂದಿರಿ. ಒಂದು ತಿಂಗಳು ಮನೆಯಿಂದ ಹೊರಗೆ ಹೋಗಲಿಲ್ಲ. ಆಮೇಲೆ ಅಕ್ಕನಿಗೆ ಬರೆದೆ. ಫೋಟೋನೂ ಕಳಿಸಿದೆ.

ಅಕ್ಕ ಉತ್ತರ ಬರೆಯಲಿಲ್ಲ, ತಾನೇ ಬಂದಳು. ಅರವತ್ತೆಂಟು ವರ್ಷದವಳು, ಒಂದು ಚೀಲ ಹಿಡಿದು ಬಾಗಿಲಲ್ಲಿ ನಿಂತು, ‘ಒಳಗೆ ಕರೀತೀಯೋ ಅಥವಾ ನೀನು ನಮ್ಮ ಮನೆ ಗೇಟಲ್ಲಿ ನಿಂತ ಹಾಗೆ ನಾನೂ ನಿಂತು ಹೋಗಲೋ?’ ಅಂದಳು. ನಾನು ಅವತ್ತು ನಿಂತದ್ದು ಅವಳಿಗೆ ಗೊತ್ತಿತ್ತು. ಬೈಯುತ್ತಾಳೆ ಅಂತ ಕಾದೆ, ಬೈಯಲಿಲ್ಲ. ‘ಅವರಲ್ಲ ಅಂತಾಯ್ತಲ್ಲ, ಅಷ್ಟು ಸಾಕು’ ಅಂದಳು. ಎರಡು ವಾರದಿಂದ ಇಲ್ಲೇ ಇದ್ದಾಳೆ. ನನ್ನ ಕಣ್ಣಿನ ಸ್ಥಿತಿ ನೋಡಿ ಈಗ ಪೇಪರು, ಕಾಗದ ಎಲ್ಲ ಅವಳೇ ಓದಿ ಹೇಳುತ್ತಾಳೆ. ಇದನ್ನು ಮಾತ್ರ ಅವಳು ಅಂಗಡಿಗೆ ಹೋದಾಗ ನಾನೇ ಬರೆದೆ.

ಅಂಗಿ ಬೂದಿ ಬಣ್ಣದ್ದಲ್ಲ. ಕಂದು.

ಮೇಸ್ತ್ರಿ


25 ಆಗಸ್ಟ್ 1996

ಮೇಸ್ತ್ರಿಯವರೇ,

ನೀವೇ ಸರಿ! ನಾನು ತಪ್ಪು, ಸಂಗ್ರಹಾಲಯ ತಪ್ಪು, ದಪ್ಪ ಪುಸ್ತಕ ತಪ್ಪು. ಪೈಪು ಬಲಗಡೆಗೇ ಇತ್ತು!

ಇದು ಗೊತ್ತಾದದ್ದು ನಮ್ಮ ಬಣ್ಣದ ಕೆಲಸದಾಕೆಯಿಂದ. ಕೋಟಿನ ಅಧಿಕಾರಿಯ ಬೊಂಬೆಗೆ ಮೂರು ಕೂದಲಿನ ಕುಂಚದಲ್ಲಿ ಬಣ್ಣ ಹಚ್ಚುತ್ತಿದ್ದವರು ನನ್ನನ್ನು ಕೂಗಿದರು. ‘ಏನ್ ಮೇಡಂ, ಈ ಮಹಾಶಯರ ಎದೆ ಜೇಬು ಬಲಗಡೆ ಇದೆಯಲ್ಲ, ಇವರ ಹೃದಯ ಯಾವ ಕಡೆಗಿತ್ತು?’ ನಾನು ನಗಲಿಲ್ಲ. ಗಂಡಸರ ಕೋಟಿಗೆ ಎದೆ ಜೇಬು ಯಾವಾಗಲೂ ಎಡಕ್ಕೆ. ಫೋಟೋದಲ್ಲಿ ಹಿಂದೆ ನಿಂತಿದ್ದ ಇನ್ನಿಬ್ಬರ ಕೋಟು ನೋಡಿದೆ. ಅವರ ಜೇಬೂ ಬಲಕ್ಕೇ. ಕೂಡಲೇ ಮೂಲ ನೆಗೆಟಿವ್ ಇಟ್ಟುಕೊಂಡಿರುವ ಕಚೇರಿಗೆ ಬರೆದೆ. ಇವತ್ತು ಉತ್ತರ ಬಂತು. ಕಾರಿನ ಮೂತಿ ಪುಟದ ಒಳಮುಖಕ್ಕೆ ತಿರುಗಿರಲಿ ಎಂದು ಪತ್ರಿಕೆಯವರು ಅವತ್ತು ನೆಗೆಟಿವ್ ಮಗುಚಿ ಅಚ್ಚು ಹಾಕಿದ್ದರು. ಎಂಟು ಎಂಬ ಅಂಕಿ ಕನ್ನಡಿಯಲ್ಲೂ ಎಂಟೇ, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಆ ಪತ್ರಿಕೆ ನೋಡಿ ಸಂಗ್ರಹಾಲಯದವರು ಬೇರೆ ಎಂಜಿನ್ ಕೂರಿಸಿ ತದ್ರೂಪು ಕಟ್ಟಿದರು, ತದ್ರೂಪು ನೋಡಿ ಪುಸ್ತಕದವರು ಬರೆದರು. ಇವೆಲ್ಲವನ್ನೂ ಸೇರಿಸಿ ನಾನು ಮೂರು ಸಾಕ್ಷಿ ಎಂದೆ. ಇದ್ದದ್ದು ಒಂದೇ, ಅದೂ ಮಗುಚಿದ್ದು.

ಅಂದರೆ ನೀವು ಕೂತಿದ್ದದ್ದು ಬಲ ಚಕ್ರದ ಬಳಿ, ನೀವು ಮೊದಲ ಪತ್ರದಲ್ಲಿ ಹೇಳಿದ ಹಾಗೆಯೇ. ಎಡ ಚಕ್ರ ನಿಮ್ಮ ಭಾವನವರದೇ. ನಿಮ್ಮ ನೆನಪಿಗೆ ಮುಕ್ಕಿಲ್ಲ. ನಲ್ಲಿ ಮರೆತರೆ ಮರೆಯಿರಿ!

ತಕರಾರಮ್ಮ


31 ಆಗಸ್ಟ್ 1996

ಮೇಸ್ತ್ರಿಯವರೇ,

ನಿಮ್ಮ 24ರ ಪತ್ರ ಈಗ ತಲುಪಿತು. ನನ್ನ 25ರ ಪತ್ರ ನಿಮ್ಮ ಮನೆಗೆ ಬಂದಿದ್ದರೆ ದಯವಿಟ್ಟು ಅದನ್ನು ಓದಿಸಬೇಡಿ. ಅದರಲ್ಲಿ ಕಚೇರಿಯ ವಿಷಯಗಳು ಬೆರೆತು ಗೊಂದಲವಾಗಿದೆ. ಒಡೆಯದೆ ಹಾಗೇ ವಾಪಸ್ಸು ಕಳಿಸಿದರೆ ಒಳ್ಳೆಯದು.

ಇದನ್ನು ಬರೆಯುತ್ತಿದ್ದಂತೆ, ಇದನ್ನೂ ನಿಮಗೆ ನಿಮ್ಮ ಅಕ್ಕನೇ ಓದಿ ಹೇಳುತ್ತಾರೆ ಎಂದು ಹೊಳೆಯಿತು. ಆದರೂ ಕಳಿಸುತ್ತಿದ್ದೇನೆ.

ತಕರಾರಮ್ಮ


6 ಸೆಪ್ಟೆಂಬರ್ 1996

ತಂಗೀ,

ನಾನು ಮೇಸ್ತ್ರಿಯ ಅಕ್ಕ. ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ, ನಿನಗೆ ನಲವತ್ತು ಚಿಲ್ಲರೆ ಇರಬಹುದು ಅಂತ ತಮ್ಮ ಹೇಳಿದ. ನಿನ್ನ 25ನೇ ತಾರೀಕಿನ ಕಾಗದ ಬಂದ ದಿನವೇ ಒಡೆದೆ. ‘ಒಡೆಯಬೇಡಿ’ ಅನ್ನೋ ಕಾಗದ ಅದರ ಹಿಂದೆ ಆರು ದಿನ ಬಿಟ್ಟು ಬಂತು.

ಮೊದಲ ಎರಡು ಸಾಲು ಕಣ್ಣಲ್ಲೇ ಓದಿ, ಉಳಿದದ್ದರ ಮೇಲೂ ಹಾಗೇ ಕಣ್ಣಾಡಿಸಿದೆ. ‘ಏನಂತೆ?’ ಅಂದ. ‘ಅಧಿಕಾರಿಯ ಕೋಟಿನ ಜೇಬಿಗೆ ಯಾವ ಬಣ್ಣ ಅಂತ ಕೇಳಿದ್ದಾರೆ’ ಅಂದೆ. ‘ಅವನ ದರ್ಜಿಯನ್ನ ಕೇಳಲಿ, ನನ್ನನ್ಯಾಕೆ ಕೇಳ್ತಾರೆ?’ ಅಂದ. ಅಲ್ಲಿಗೆ ಮುಗಿಯಿತು.

ಮಾಡಿದ್ದು ಸರಿಯಲ್ಲ ಅಂತ ಗೊತ್ತು. ನನ್ನ ಯಜಮಾನರು ಸಾಯುವ ಹಿಂದಿನ ವಾರವೂ ಬೆರಳು ಮಡಚುತ್ತಿದ್ದರು. ಎಷ್ಟು ಏಟು ಹೊಡೆದೆ, ಮೂರೋ ನಾಲ್ಕೋ? ನಾಲ್ಕು ಹೊಡೆಯಬೇಕಿತ್ತಂತೆ. ಇಪ್ಪತ್ತೆಂಟು ವರ್ಷ ಹೀಗೆ ಎಣಿಸಿದರು, ಒಂದು ದಿನವೂ ಎಣಿಕೆ ಮುಗಿಯಲಿಲ್ಲ. ತಮ್ಮನ ಕಾಗದ ಬಂದ ಸಂಜೆ ಅವರ ಫೋಟೋದ ಮುಂದೆ ಕುಳಿತು ‘ನೀವಲ್ಲ ಕಣ್ರೀ, ನೀವಲ್ಲ’ ಅಂತ ಹೇಳಿದ್ದೇನೆ. ಈಗ ಮತ್ತೆ ಹೋಗಿ ‘ಇಲ್ಲ, ನೀವೇ’ ಅನ್ನಲಾ? ಸತ್ತವರಿಗೆ ಎರಡೆರಡು ಸಲ ಸುದ್ದಿ ಹೇಳೋಕಾಗುತ್ತಾ?

ಇತ್ತ ತಮ್ಮ ಮಾಡದ ತಪ್ಪು ಹೊತ್ತು ನನ್ನೆದುರೇ ಓಡಾಡುತ್ತಿದ್ದಾನೆ. ಅವನಿಗೆ ಬಡಿಸುವಾಗ ನನ್ನ ಕೈ ತಡೆಯುತ್ತದೆ. ಹೇಳುತ್ತೇನೆ. ನಾನೇ ಹೇಳುತ್ತೇನೆ. ಯಾವಾಗ ಅಂತ ಕೇಳಬೇಡ. ಅಲ್ಲಿಯವರೆಗೆ ಅವನಿಗೆ ಏನೂ ಬರೆಯಬೇಡ.

ಮೇಸ್ತ್ರಿಯ ಅಕ್ಕ


7 ಸೆಪ್ಟೆಂಬರ್ 1996

ತಕರಾರಮ್ಮನವರೇ,

ನಮ್ಮ ಅಕ್ಕ ಚಿಕ್ಕಂದಿನಿಂದಲೂ ಸುಳ್ಳು ಹೇಳೋದ್ರಲ್ಲಿ ದಡ್ಡಿ. ಒಂದು ಪುಟ ತುಂಬ ಬರೆದ ಕಾಗದ ಹಿಡಿದುಕೊಂಡು ಜೇಬಿನ ಬಣ್ಣ ಅಷ್ಟೇ ಕೇಳಿದ್ದಾರೆ ಅಂದಳು. ಅವಳು ಹೊರಗೆ ಹೋದಾಗ ಹುಡುಕಿದೆ. ಸಕ್ಕರೆ ಡಬ್ಬಿಯ ಕೆಳಗೆ ಸಿಕ್ಕಿತು. ಗಾಜು ಹಿಡಿದು ಓದೋಕೆ ಒಂದು ಗಂಟೆ ಬೇಕಾಯಿತು. ಮತ್ತೆ ಹಾಗೇ ಮಡಚಿ ಅಲ್ಲೇ ಇಟ್ಟೆ.

ಮೊದಲು ನಕ್ಕೆ. ತಲೆ ಕೆಟ್ಟಿಲ್ಲವಲ್ಲ ಅಂತ. ಚಪ್ಪಲಿ ಮೆಟ್ಟಿ ಬೀದಿಗೆ ಹೋಗಿ ದರ್ಜಿಗೆ ಹೇಳಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅಕ್ಕ ಬಂದಳು. ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಾ ತನ್ನಷ್ಟಕ್ಕೆ ಏನೋ ಹಾಡಿಕೊಂಡಳು. ಹಾಡು ಅಂದರೆ ರಾಗವೂ ಇಲ್ಲ ತಾಳವೂ ಇಲ್ಲ, ಆದರೂ ಹಾಡೇ. ನಾನು ಚಪ್ಪಲಿ ಬಿಟ್ಟೆ.

ಎಡ ಚಕ್ರ ನನ್ನ ಹೆಸರಲ್ಲೇ ಇರಲಿ. ಮೂರು ತಿಂಗಳು ಹೊತ್ತು ಅಭ್ಯಾಸವಾಗಿದೆ, ಭಾವ ಇಪ್ಪತ್ತೆಂಟು ವರ್ಷ ಹೊತ್ತಿದ್ದ. ಇನ್ನೊಂದು ಮಾತು. ಬಲಗಡೆ ನಾನಿದ್ದೆ ಅಂತ ನಿಮ್ಮ ನೆಗೆಟಿವ್ ಹೇಳುತ್ತೆ. ಎಡಗಡೆ ಭಾವ ಸರಿಯಾಗಿ ಬಿಗಿದನೋ ಇಲ್ಲವೋ, ನಟ್ಟೇ ಸವೆದಿತ್ತೋ, ಅದನ್ನು ಯಾವ ಫೋಟೋನೂ ಹೇಳಲ್ಲ. ವಿಚಾರಣೆಯಲ್ಲಿ ನಾನು ‘ಗೊತ್ತಿಲ್ಲ’ ಅನ್ನಬಹುದಿತ್ತು. ಅನ್ನಲಿಲ್ಲ. ಅಣ್ಣ ಸತ್ತು ನಾಲ್ಕು ದಿನವಾಗಿತ್ತು, ಯಾರ ಮೇಲಾದರೂ ಹಾಕಬೇಕಿತ್ತು. ನಿಜವನ್ನೇ ಹೇಳಿದೆ, ಆದರೆ ಬೆರಳು ತೋರಿಸಿ ಹೇಳಿದೆ.

ನನಗೆ ಗೊತ್ತಾಗಿದೆ ಅಂತ ಅಕ್ಕನಿಗೆ ತಿಳಿಯಬಾರದು. ಏನೂ ಬರೆಯಬೇಡಿ. ಈ ಕಾಗದವನ್ನು ದರ್ಜಿಯ ಕೈಲಿ ಅಂಚೆಗೆ ಹಾಕಿಸುತ್ತಿದ್ದೇನೆ.

ಮೇಸ್ತ್ರಿ


14 ಅಕ್ಟೋಬರ್ 1996

ಮೇಸ್ತ್ರಿಯವರಿಗೂ, ಇದನ್ನು ಓದಿ ಹೇಳುತ್ತಿರುವ ಅಕ್ಕನವರಿಗೂ ನಮಸ್ಕಾರ.

ಈ ಪತ್ರವನ್ನು ಏಳು ಸಲ ಬರೆದು ಹರಿದಿದ್ದೇನೆ. ಇದು ಎಂಟನೆಯದು. ನನ್ನ ಕೆಲಸದಲ್ಲಿ ಒಂದು ಸರಿಯಿರುತ್ತದೆ, ಉಳಿದದ್ದು ತಪ್ಪಿರುತ್ತದೆ. ತಪ್ಪನ್ನು ತೆಗೆದರೆ ಸರಿ ಉಳಿಯುತ್ತದೆ ಎಂದು ಹದಿನೈದು ವರ್ಷ ನಂಬಿಕೊಂಡು ಬಂದೆ. ನಿಮ್ಮ ಮೊದಲ ಪತ್ರವನ್ನು ಇವತ್ತು ಮತ್ತೆ ಓದಿದೆ. ಅದರಲ್ಲಿ ಎಲ್ಲವೂ ಇತ್ತು. ನಾನು ಅದರಲ್ಲಿ ಹುಡುಕಿದ್ದು ಪೈಪನ್ನು ಮಾತ್ರ. ನಿಮ್ಮ ಮನೆಗೆ ನಾನು ಕಳಿಸಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಯೋಚಿಸುತ್ತೇನೆ, ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ.

ಮಾದರಿ ಮುಗಿದಿದೆ. ಕಾರು ಹೇಗಿತ್ತೋ ಹಾಗೇ ಮಾಡಿದ್ದೇವೆ. ಅದರ ಬಗ್ಗೆ ಬರೆಯುವುದೇನಿಲ್ಲ, ಪೆಟ್ಟಿಗೆ ತೆರೆದರೆ ಕಾಣುತ್ತದೆ. ಪಿಟ್‌ನ ದೃಶ್ಯವನ್ನು ಕೈಬಿಟ್ಟೆವು. ಕಾರಿನ ಆಚೆ ಬದಿಯಲ್ಲಿ ನಡೆದದ್ದಕ್ಕೆ ಚಿತ್ರವಿಲ್ಲ. ಅರ್ಧ ಗೊತ್ತಿರುವುದನ್ನು ಪೂರ್ತಿ ಎಂದು ಮಾರಬಾರದು ಎಂದು ಕಾರ್ಖಾನೆಯ ಯಜಮಾನರ ಹತ್ತಿರ ವಾದ ಮಾಡಿದೆ. ‘ನಿನ್ನ ತಕರಾರಿಗೆ ಕೊನೆಯಿಲ್ಲ’ ಎಂದರು, ಆದರೆ ಒಪ್ಪಿದರು. ಅಂಗಡಿಗಳಿಗೆ ಹೋಗುವ ಪೆಟ್ಟಿಗೆಯಲ್ಲಿ ಬರೀ ಕಾರು.

ನಿಮ್ಮ ಪೆಟ್ಟಿಗೆಯಲ್ಲಿ ಮಾತ್ರ ಮೂರು ಜನರಿದ್ದಾರೆ. ಸೀಟಿನಲ್ಲಿ ಅಣ್ಣ. ಕಂದು ಅಂಗಿಯವರು ನೀವು. ಇನ್ನೊಬ್ಬರು ಭಾವನವರು. ಅವರ ಮುಖವನ್ನು ನಾವು ಯಾರೂ ನೋಡಿಲ್ಲ, ಬಣ್ಣದ ಕೆಲಸದಾಕೆ ಅಂದಾಜಿನ ಮೇಲೆ ತುಂಬು ಕೂದಲು ಕೊಟ್ಟಿದ್ದಾರೆ. ತಪ್ಪಿದ್ದರೆ ಅಕ್ಕನವರು ಕ್ಷಮಿಸಬೇಕು. ಓಟ ಶುರುವಾಗುವ ಮೊದಲು ನೀವಿಬ್ಬರೂ ಕಾರಿನ ಪಕ್ಕ ಸುಮ್ಮನೆ ನಿಂತಿರುವ ಬೊಂಬೆಗಳು. ಯಾರು ಯಾವ ಕಡೆ ನಿಂತಿದ್ದಿರೋ ನನಗೆ ಗೊತ್ತಿಲ್ಲ. ಹಾಗಾಗಿ ಆ ಎರಡಕ್ಕೆ ಅಂಟು ಹಾಕಿಲ್ಲ. ನೀವೇ ನಿಲ್ಲಿಸಿಕೊಳ್ಳಿ.

ತಕರಾರಮ್ಮ


3 ನವೆಂಬರ್ 1996

ತಕರಾರಮ್ಮನವರೇ,

ಒಂದು ಕಣ್ಣಿನ ಪೊರೆ ತೆಗೆಸಿದೆ, ಅಕ್ಷರ ನೆಟ್ಟಗಾಗಿರುವುದು ನೋಡಿ. ಆಸ್ಪತ್ರೆಯಿಂದ ಬಂದ ದಿನವೇ ಪೆಟ್ಟಿಗೆಯೂ ಬಂತು. ಬಣ್ಣ ಅದೇ. ಎಷ್ಟೋ ಹೊತ್ತು ಕೈಗೆತ್ತಿಕೊಳ್ಳಲಿಲ್ಲ. ಅಕ್ಕ ಭಾವನ ಬೊಂಬೆ ಎತ್ತಿ, ‘ಇವರಿಗೆ ಇಷ್ಟೊಂದು ಕೂದಲು ಎಲ್ಲಿತ್ತು? ಮೂವತ್ತಕ್ಕೇ ಅರ್ಧ ಬಯಲಾಗಿತ್ತು’ ಅಂತ ನಕ್ಕು, ಆಮೇಲೆ ಕಣ್ಣೊರೆಸಿಕೊಂಡಳು. ಕಾರಿನ ಬಲಗಡೆಯ ಪೈಪಿನ ಮೇಲೆ ಒಂದು ಸಲ ಬೆರಳಾಡಿಸಿದಳು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

ಕಿಟಕಿಯ ಪಕ್ಕದ ಗೂಡಿನಲ್ಲಿ ಇಟ್ಟಿದ್ದೇವೆ. ಮೊದಲ ದಿನ ಅಕ್ಕನೇ ನಿಲ್ಲಿಸಿದಳು. ಭಾವ ಬಲಗಡೆ, ನಾನು ಎಡಗಡೆ. ನಾಲ್ಕು ದಿನ ಹಾಗೇ ಇತ್ತು. ಐದನೇ ದಿನ ಬೆಳಿಗ್ಗೆ ಮುಖ ತೊಳೆದು ಬಂದು ನೋಡಿದರೆ ಭಾವ ಎಡ ಚಕ್ರದ ಹತ್ತಿರ, ನಾನು ಬಲ ಚಕ್ರದ ಹತ್ತಿರ. ಅಕ್ಕ ನನ್ನ ಕಡೆ ಬೆನ್ನು ಹಾಕಿ ಟೀ ಸೋಸುತ್ತಿದ್ದಳು. ‘ಧೂಳು ಒರೆಸಿದೆ’ ಅಂದಳು, ನಾನು ಕೇಳದೆಯೇ. ಟೀ ಲೋಟದ ಹೊರಗೆ ಚೆಲ್ಲುತ್ತಿತ್ತು. ‘ಹೌದು, ಧೂಳು ಜಾಸ್ತಿ ಈ ಮನೇಲಿ’ ಅಂದೆ.

ಅವಳು ಅಂಗಡಿಗೆ ಹೋದಾಗ ಮತ್ತೆ ನಾನೇ ಎಡಕ್ಕೆ ಹೋಗಿ ನಿಂತೆ.

ಮಾರನೇ ಬೆಳಿಗ್ಗೆ ಭಾವ ಎಡಕ್ಕೆ. ಸಂಜೆ ನಾನು ಎಡಕ್ಕೆ. ಇವತ್ತಿಗೆ ಒಂಬತ್ತು ದಿನವಾಯಿತು. ಇಬ್ಬರೂ ಬಾಯಿ ಬಿಟ್ಟಿಲ್ಲ. ನಿಮ್ಮ ದಾಖಲೆಗೆ ಯಾವುದನ್ನು ಬರೆದುಕೊಳ್ಳಬೇಕು ಅಂತ ನನ್ನನ್ನು ಕೇಳಬೇಡಿ, ಮಧ್ಯಾಹ್ನದ ಹೊತ್ತಿಗೆ ನನಗೇ ಮರೆತಿರುತ್ತದೆ, ಯಾರ ಸರದಿ ಅಂತ.

ಅಣ್ಣನನ್ನು ಮಾತ್ರ ಇಬ್ಬರೂ ಮುಟ್ಟಿಲ್ಲ.

ಮೇಸ್ತ್ರಿ